ತಪ್ಪಿ ನಡೆಯುವ ಕರ್ಸರ್: ಮೌಸ್ ದೋಷಗಳ ಪತ್ತೆ ಮತ್ತು ದುರಸ್ತಿ

ಮೇಜಿನ ಮೇಲೆ ಮೌಸ್ ಸರಿಸಿದರೆ ಪರದೆಯ ಮೇಲಿನ ಕರ್ಸರ್ ಅದೇ ದಿಕ್ಕಿಗೆ, ಕೈಯ ಅಳತೆಗೆ ತಕ್ಕಷ್ಟು ಸರಿಯಬೇಕು. ಹಾಗಾಗದೆ ಅದು ನಿಂತಲ್ಲೇ ನಡುಗಬಹುದು, ತಡೆತಡೆದು ಸಾಗಬಹುದು, ಒಂದೇ ಕಡೆಗೆ ಜಾರಬಹುದು, ಇದ್ದಕ್ಕಿದ್ದಂತೆ ಮೂಲೆಗೆ ಹಾರಬಹುದು, ಯಾರೂ ಮುಟ್ಟದಿದ್ದರೂ ಓಡಾಡಬಹುದು. ಬಳಕೆದಾರರು ಇವೆಲ್ಲವನ್ನೂ ‘ಮೌಸ್ ಹೋಗಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಇವು ಬೇರೆ ಬೇರೆ ದೋಷಗಳು. ಮೌಸ್ ಕೂತಿರುವ ಮೇಲ್ಮೈ, ಅದರ ಹೊಟ್ಟೆಯೊಳಗಿನ ಸೆನ್ಸರ್, ಕಂಪ್ಯೂಟರಿಗೆ ಸುದ್ದಿ ಒಯ್ಯುವ ಕೇಬಲ್ ಅಥವಾ ರೇಡಿಯೊ, ಆ ಸುದ್ದಿಯನ್ನು ಓದುವ ಡ್ರೈವರ್, ಕೊನೆಗೆ ಕರ್ಸರನ್ನು ಪರದೆಗೆ ತರುವ ಆಪರೇಟಿಂಗ್ ಸಿಸ್ಟಂ, ಇವುಗಳಲ್ಲಿ ಎಲ್ಲಿ ಎಡವಟ್ಟಾದರೂ ಅದು ಕಾಣುವುದು ಪರದೆಯ ಮೇಲೇ. ಒಂದೊಂದೂ ತಪ್ಪುವ ರೀತಿ ಬೇರೆ ಎನ್ನುವುದರಿಂದ ಪತ್ತೆ ಸಾಧ್ಯವಾಗುತ್ತದೆ. ನಡುಕ ಬಹುಮಟ್ಟಿಗೆ ಸೆನ್ಸರಿನದು ಅಥವಾ ಮೇಲ್ಮೈಯದು. ತಡೆತಡೆದು ಸಾಗುವುದು ರೇಡಿಯೊ ಅಥವಾ ಬ್ಯಾಟರಿಯದು, ಇಲ್ಲವೇ ಕಂಪ್ಯೂಟರೇ ಏದುಸಿರು ಬಿಡುತ್ತಿರುವುದರ ಗುರುತು. ಮೂಲೆಗೆ ಹಾರಿ ತಾನೇ ಕ್ಲಿಕ್ಕನ್ನೂ ಮಾಡಿತೆಂದರೆ ದತ್ತಾಂಶವನ್ನು ಓದುವಲ್ಲಿ ಗಲಿಬಿಲಿಯಾಗಿದೆ.

ಡ್ರೈವರ್ ತೆಗೆದು ಮತ್ತೆ ಹಾಕುವುದು, ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡುವುದು ಜನ ಮೊದಲು ಕೈಹಾಕುವ ಕೆಲಸ. ಅದು ಕಡೆಗೆ ಮಾಡಬೇಕಾದದ್ದು. ಏನನ್ನೂ ಬಿಚ್ಚುವ, ಅಳಿಸುವ ಮೊದಲು ಮೂರು ಅದಲುಬದಲು ಸಾಕು: ಮೌಸ್ ಕೆಳಗೆ ಒಂದು ಬಿಳಿ ಹಾಳೆ ಇಟ್ಟು ನೋಡುವುದು, ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡುವುದು, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವುದು. ಹಾಳೆಯ ಮೇಲೆ ಸರಿಹೋದರೆ ತಪ್ಪು ಮೇಜಿನದು. ಬೇರೆ ಕಂಪ್ಯೂಟರಿನಲ್ಲೂ ಅದೇ ಹಾಡಾದರೆ ತಪ್ಪು ಮೌಸ್‌ನದು. ಅಲ್ಲಿ ಚೆನ್ನಾಗಿಯೇ ನಡೆದರೆ ಮೌಸನ್ನು ಬಿಟ್ಟು ಕಂಪ್ಯೂಟರಿನ ಕಡೆ ತಿರುಗಬೇಕು.

ಗಾಲಿಯಿಂದ ಬೆಳಕಿನವರೆಗೆ

ಮೌಸ್ ಹುಟ್ಟಿದಂದಿನಿಂದಲೂ ಈ ತೊಂದರೆ ಅದರ ಜೊತೆಗೇ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಅದರ ತಳದಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಲೋಹದ ಗಾಲಿಗಳಿದ್ದವು. ಒಂದು ಗಾಲಿ ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಅಳೆಯುತ್ತಿತ್ತು. ನೇರ ಅಡ್ಡಕ್ಕೆ ಸರಿಸಿದಾಗ ಒಂದು ಗಾಲಿ ಉರುಳಿದರೆ ಇನ್ನೊಂದು ಮೇಜನ್ನು ಉಜ್ಜಿಕೊಂಡು ಪಕ್ಕಕ್ಕೆ ಜಾರಬೇಕಿತ್ತು. ಓರೆಯಾಗಿ ಎಳೆದರೆ ಎರಡೂ ಸ್ವಲ್ಪ ಉರುಳಿ ಸ್ವಲ್ಪ ಜಾರುತ್ತಿದ್ದವು. ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸನ್ನು ಸಾರ್ವಜನಿಕವಾಗಿ ತೋರಿಸಿದರು. ಅದರ ಪೇಟೆಂಟ್ ಮಂಜೂರಾದದ್ದು 1970ರ ನವೆಂಬರ್ 17ರಂದು.

ಗಾಲಿಗಳ ಜಾಗಕ್ಕೆ ಚೆಂಡು ಬಂದದ್ದು ಜಾರುವಿಕೆಯನ್ನು ತಪ್ಪಿಸಲು. ಜರ್ಮನಿಯ ಟೆಲಿಫುಂಕನ್ ಕಂಪನಿ 1968ರಲ್ಲೇ ಚೆಂಡಿನ ಮೌಸ್ ಮಾರುತ್ತಿತ್ತು. ಅಮೆರಿಕದಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯ ಸೇರಿದ ಬಿಲ್ ಇಂಗ್ಲಿಷ್ 1972ರ ಹೊತ್ತಿಗೆ ತಮ್ಮದೇ ಚೆಂಡಿನ ಮೌಸ್ ಮಾಡಿದರು. ಆಪಲ್ ಕಂಪನಿಯ ಲೀಸಾ (1983) ಮತ್ತು ಮ್ಯಾಕಿಂಟೋಷ್ (1984) ಅದನ್ನು ಜನಪ್ರಿಯಗೊಳಿಸಿದವು. ಚೆಂಡಿಗೆ ಕೊಳೆ ಹತ್ತುವುದು ಖಂಡಿತವೆಂದು ಗೊತ್ತಿದ್ದದ್ದರಿಂದ ತಳದ ಉಂಗುರವನ್ನು ತಿರುಗಿಸಿ ಚೆಂಡನ್ನು ಹೊರತೆಗೆಯುವಂತೆ ಮಾಡಿದ್ದರು. ಬಳಕೆದಾರನೇ ಆಗಾಗ ಬಿಚ್ಚಿ ತೊಳೆಯಲಿ ಎಂದು ಒಪ್ಪಿಕೊಂಡು ತಯಾರಾದ ಕಂಪ್ಯೂಟರ್ ಭಾಗಗಳು ವಿರಳ.

ಚೆಂಡಿನ ಮೌಸ್ ಇಂದು ಹಳೆಯ ಲ್ಯಾಬುಗಳಲ್ಲಿ, ಕೆಲವು ಯಂತ್ರಗಳ ನಿಯಂತ್ರಣ ಕೋಣೆಗಳಲ್ಲಿ ಮಾತ್ರ ಸಿಗುತ್ತದೆ. ಆದರೂ ಅದರ ದೋಷ ಎಷ್ಟು ಸರಳವೋ ಅಷ್ಟೇ ಸ್ಪಷ್ಟ. ರಬ್ಬರ್ ಹೊದಿಸಿದ ಉಕ್ಕಿನ ಚೆಂಡು ಒಳಗೆ ಎರಡು ಸಣ್ಣ ರೋಲರುಗಳನ್ನು ಉರುಳಿಸುತ್ತದೆ. ರೋಲರಿನ ತುದಿಯಲ್ಲಿ ಸುತ್ತಲೂ ಸೀಳು ಬಿಟ್ಟ ಚಕ್ರ, ಅದರ ಆಚೀಚೆ ಅವಗೆಂಪು ಎಲ್‌ಇಡಿ ಮತ್ತು ಬೆಳಕು ಗ್ರಹಿಸುವ ಟ್ರಾನ್ಸಿಸ್ಟರ್. ಬೆಳಕು ಎಷ್ಟು ಸಲ ಕಡಿಯಿತು ಎಂಬುದು ದೂರ. ಜೋಡಿ ಗ್ರಾಹಕಗಳಲ್ಲಿ ಯಾವುದಕ್ಕೆ ಮೊದಲು ಕಡಿಯಿತು ಎಂಬುದು ದಿಕ್ಕು. ಚೆಂಡು ಮೇಜಿನ ಧೂಳು, ಕೈಯ ಜಿಡ್ಡು ಎರಡನ್ನೂ ಒಳಗೆ ಸಾಗಿಸುತ್ತದೆ. ರೋಲರಿನ ನಡುಮಧ್ಯದಲ್ಲಿ, ಚೆಂಡು ತಾಗುವ ಜಾಗದಲ್ಲಿ ಮಾತ್ರ, ಕಂದು ಬಣ್ಣದ ಗಟ್ಟಿ ಉಂಗುರ ಕಟ್ಟುತ್ತದೆ. ಆ ರೋಲರ್ ದಪ್ಪಗಾಗಿ ಕರ್ಸರ್ ಒಂದು ದಿಕ್ಕಿಗೆ ಮಾತ್ರ ನಿಧಾನವಾಗುತ್ತದೆ ಅಥವಾ ಅಂಟಿಕೊಂಡಂತೆ ನಿಂತು ಮತ್ತೆ ಹಾರುತ್ತದೆ. ಉಗುರಿನಿಂದ ಕೆರೆದರೆ ಆ ಉಂಗುರ ಇಡಿಯಾಗಿ ಎದ್ದು ಬರುವುದುಂಟು. ಉಳಿದ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿ. ಚೆಂಡಿಗೆ ಸೋಪಿನ ನೀರೇ ಸಾಕು, ಪೂರ್ತಿ ಒಣಗಿಸಿ ಹಾಕಬೇಕು.

ನಡುವೆ ಇನ್ನೊಂದು ಬಗೆಯೂ ಬಂದುಹೋಯಿತು. 1980ರ ದಶಕದ ಆರಂಭದಲ್ಲಿ ಮೌಸ್ ಸಿಸ್ಟಮ್ಸ್ ಕಂಪನಿಯ ಬೆಳಕಿನ ಮೌಸ್ ಗೆರೆ ಮುದ್ರಿಸಿದ ವಿಶೇಷ ಲೋಹದ ಹಲಗೆಯ ಮೇಲಷ್ಟೇ ನಡೆಯುತ್ತಿತ್ತು. ಅಡ್ಡ ಗೆರೆಗಳಿಗೆ ಒಂದು ಬಣ್ಣ, ಉದ್ದ ಗೆರೆಗಳಿಗೆ ಇನ್ನೊಂದು. ಒಂದನ್ನು ಕೆಂಪು ಎಲ್‌ಇಡಿ, ಇನ್ನೊಂದನ್ನು ಅವಗೆಂಪು ಎಲ್‌ಇಡಿ ಓದುತ್ತಿತ್ತು. ಹಲಗೆಯನ್ನು ಕಾಲು ಸುತ್ತು ತಿರುಗಿಸಿಟ್ಟರೆ ಅಡ್ಡದ್ದು ಉದ್ದ, ಉದ್ದದ್ದು ಅಡ್ಡ. ಇದನ್ನು ದೋಷವೆನ್ನುವುದಕ್ಕಿಂತ ಸಹೋದ್ಯೋಗಿಯ ಕುಚೇಷ್ಟೆ ಎನ್ನುವುದೇ ಸರಿ.

ಎರಡು ಮಿಲಿಮೀಟರ್ ಜಾಗದಲ್ಲಿ

ಇಂದಿನ ಮೌಸ್‌ಗಳ ಮೂಲಪುರುಷ 1999ರಲ್ಲಿ ಬಂತು. ಅಜಿಲೆಂಟ್ ಕಂಪನಿಯ ಸೆನ್ಸರ್ ಇಟ್ಟು ಮೈಕ್ರೊಸಾಫ್ಟ್ ತಂದ ಮೌಸ್‌ಗೆ ಚೆಂಡೂ ಬೇಡ, ವಿಶೇಷ ಹಲಗೆಯೂ ಬೇಡ. ಅದರ ಹೊಟ್ಟೆಯಲ್ಲಿದ್ದದ್ದು ಸೆಕೆಂಡಿಗೆ 1500 ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ. ಎಲ್‌ಇಡಿಯ ಬೆಳಕು ಮೇಲ್ಮೈಗೆ ಓರೆಯಾಗಿ ಬೀಳುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಮರವೂ ಕಾಗದವೂ ಆ ಓರೆ ಬೆಳಕಿನಲ್ಲಿ ಉಬ್ಬುತಗ್ಗುಗಳ ನೆರಳಿನಿಂದ ತುಂಬಿರುತ್ತವೆ. ಸೆನ್ಸರಿನ ಚಿತ್ರವೋ ತೀರ ಚಿಕ್ಕದು: ಆ ಕಾಲದ ಜನಪ್ರಿಯ ಚಿಪ್‌ಗಳಲ್ಲಿ 16 ಅಥವಾ 18 ಚುಕ್ಕಿ ಅಗಲ, ಅಷ್ಟೇ ಉದ್ದ. ಒಂದು ಚಿತ್ರವನ್ನು ಹಿಂದಿನದರ ಮೇಲಿಟ್ಟು, ಎಷ್ಟು ಸರಿಸಿದರೆ ಎರಡೂ ಹೊಂದುತ್ತವೆ ಎಂದು ಚಿಪ್ ಲೆಕ್ಕ ಹಾಕುತ್ತದೆ. ಆ ಸರಿತವೇ ಮೌಸ್‌ನ ಚಲನೆ.

ಇಷ್ಟು ತಿಳಿದರೆ ಮುಕ್ಕಾಲು ಪಾಲು ದೋಷಗಳಿಗೆ ಕಾರಣ ತಾನಾಗಿ ಹೊಳೆಯುತ್ತದೆ. ಹೊಂದಿಸಿ ನೋಡಲು ಚಿತ್ರದಲ್ಲಿ ಗುರುತುಗಳಿರಬೇಕು. ಗಾಜು ಬೆಳಕನ್ನು ತನ್ನ ಮೂಲಕ ಕಳಿಸಿಬಿಡುತ್ತದೆ, ಕನ್ನಡಿ ಬೇರೆಡೆಗೆ ಎಸೆಯುತ್ತದೆ. ಎರಡರಲ್ಲೂ ಸೆನ್ಸರಿಗೆ ಸಿಗುವುದು ಖಾಲಿ ಚಿತ್ರ. ಆಗ ಅದು ಕರ್ಸರನ್ನು ನಿಲ್ಲಿಸುತ್ತದೆ ಅಥವಾ ವಿದ್ಯುತ್ ಗದ್ದಲವನ್ನೇ ಚಲನೆ ಎಂದುಕೊಂಡು ನಡುಗಿಸುತ್ತದೆ. ಕನ್ನಡಿಯಂತೆ ಪಾಲಿಷ್ ಮಾಡಿದ ಕಪ್ಪು ಗ್ರಾನೈಟ್ ಇದಕ್ಕೆ ನಮ್ಮಲ್ಲಿ ದಿನಾ ಕಾಣುವ ಉದಾಹರಣೆ. ಚಾಮರಾಜನಗರದ ಕಪ್ಪು ಕಲ್ಲನ್ನು ಹಾಸಿದ ಕೌಂಟರ್ ನೋಡಲು ಚಂದ, ಆದರೆ ಅದರ ಮೇಲೆ ಅಗ್ಗದ ಮೌಸ್ ಎಡವುತ್ತದೆ. ಒಂದೇ ಅಚ್ಚಿನ ಸಣ್ಣ ಗೆರೆ, ಚುಕ್ಕಿಗಳ ಸಾಲು ಇರುವ ಮೇಲ್ಮೈ ಇನ್ನೊಂದು ಬಗೆಯ ಮೋಸ ಮಾಡುತ್ತದೆ. ಪಕ್ಕದ ಗೆರೆಯೂ ಹಿಂದಿನ ಗೆರೆಯ ಹಾಗೇ ಇರುವುದರಿಂದ ಚಿತ್ರಗಳನ್ನು ತಪ್ಪಾಗಿ ಹೊಂದಿಸಿ, ಕರ್ಸರ್ ಹಿಂದಕ್ಕೆ ಜಿಗಿಯಬಹುದು. ನುಣುಪು ಕಾಗದದ ಬಣ್ಣದ ಮ್ಯಾಗಜಿನ್ ಮೌಸ್ ಪ್ಯಾಡಾಗಿ ಒದಗದಿರುವುದಕ್ಕೆ ಹೊಳಪಿನ ಜೊತೆಗೆ ಮುದ್ರಣದ ಆ ಚುಕ್ಕಿಸಾಲೂ ಕಾರಣ. ಬಟ್ಟೆಯ ಪ್ಯಾಡು ಅಥವಾ ಒಂದು ಸಾದಾ ಕಾಗದ ಈ ಎಲ್ಲಕ್ಕೂ ಪರಿಹಾರ.

ಮೇಲ್ಮೈ ಸರಿಯಿದ್ದೂ ಕರ್ಸರ್ ನಿಂತಲ್ಲೇ ನಡುಗುತ್ತಿದ್ದರೆ ಮೌಸನ್ನು ಮಗುಚಿ ಸೆನ್ಸರಿನ ಗುಂಡಿಯನ್ನು ಟಾರ್ಚ್ ಹಿಡಿದು ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವ ಅಪರಾಧಿ ಒಂದು ಕೂದಲೆಳೆ, ಟವೆಲಿನ ಅಥವಾ ಪ್ಯಾಡಿನ ಒಂದು ನೂಲು. ಒಂದು ತುದಿ ಲೆನ್ಸಿನ ಅಂಚಿಗೆ ಸಿಕ್ಕಿಕೊಂಡು ಇನ್ನೊಂದು ತುದಿ ಗುಂಡಿಯಲ್ಲಿ ತೂಗಾಡುತ್ತಿರುತ್ತದೆ. ಬೆಳಕು ಹತ್ತಿರದಿಂದ ಬೀಳುವುದರಿಂದ ಆ ನೂಲು ಮೇಜಿಗಿಂತ ಪ್ರಖರವಾಗಿ ಹೊಳೆಯುತ್ತದೆ. ಫ್ಯಾನಿನ ಗಾಳಿಗೆ ಅದು ಅಲುಗಿದರೆ ಕರ್ಸರೂ ಅಲುಗುತ್ತದೆ. ಮೌಸ್ ಸರಿದರೂ ನೂಲು ಲೆನ್ಸಿನ ಜೊತೆಗೇ ಇರುವುದರಿಂದ ‘ಸರಿದಿಲ್ಲ’ ಎಂಬ ಸುಳ್ಳು ಸಾಕ್ಷಿಯನ್ನೂ ಹೇಳುತ್ತದೆ. ಫ್ಯಾನ್ ಆರಿಸಿದಾಗ ನಡುಕ ನಿಂತಿತೆಂದರೆ ಬೇರೆ ಪರೀಕ್ಷೆ ಬೇಡ. ಧೂಳೂದುವ ರಬ್ಬರ್ ಬುಡ್ಡಿಯಿಂದ ಊದಬೇಕು, ಹೋಗದಿದ್ದರೆ ಮೊನೆಯ ಚಿಮಟದಿಂದ ಎಳೆಯಬೇಕು. ಬಾಯಿಯಿಂದ ಊದಿದರೆ ಉಗುಳಿನ ಹನಿ ಲೆನ್ಸಿನ ಮೇಲೆ ಕಲೆಯಾಗುತ್ತದೆ. ಲೆನ್ಸ್ ಪ್ಲಾಸ್ಟಿಕ್ಕಿನದು. ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿ ಅದಕ್ಕೆ ಸಾಕು. ಪೇಂಟಿನ ತಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಮುಟ್ಟಿಸಿದರೆ ಅದು ಮಬ್ಬಾಗಿ ಮೌಸ್ ಶಾಶ್ವತವಾಗಿ ಕುರುಡಾಗುತ್ತದೆ.

ತಳದ ಪಾದಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅಜಿಲೆಂಟ್‌ನ ಆ ಹಳೆಯ ಸೆನ್ಸರುಗಳಲ್ಲಿ ಲೆನ್ಸಿನಿಂದ ಮೇಲ್ಮೈಗೆ ಇರಬೇಕಾದ ಅಂತರ 2.4 ಮಿಲಿಮೀಟರ್, ಆಚೀಚೆ 0.1 ಮಿಲಿಮೀಟರ್ ಅಷ್ಟೇ ರಿಯಾಯಿತಿ. ಟೆಫ್ಲಾನ್ ಪಾದ ಒಂದು ಕಡೆ ಸವೆದರೆ, ಕಿತ್ತುಬಂದರೆ, ಅಥವಾ ಪಾದದ ಸುತ್ತ ಜಿಡ್ಡಿನ ಕಟ್ಟೆ ಬೆಳೆದು ಮೌಸನ್ನು ಮೇಲೆತ್ತಿದರೆ ಚಿತ್ರ ಮಸುಕಾಗುತ್ತದೆ. ಮೌಸ್ ಅಲ್ಲಾಡುವ ಕುರ್ಚಿಯಂತೆ ವಾಲಿಕೊಂಡಿದ್ದರೆ ಒಂದು ಕೋನದಲ್ಲಿ ಮಾತ್ರ ಕರ್ಸರ್ ತಪ್ಪುತ್ತದೆ. ಬದಲಿ ಪಾದಗಳು ಅಂಟಿಸುವ ತುಣುಕುಗಳಾಗಿ ಬೇರೆಯೇ ಸಿಗುತ್ತವೆ. ಹಳೆಯದನ್ನು ಕಿತ್ತು ಅಂಟಿನ ಗುರುತನ್ನು ಪೂರ್ತಿ ಒರೆಸಿಯೇ ಹೊಸದನ್ನು ಕೂರಿಸಬೇಕು.

ಕೆಂಪು ಬೆಳಕು ಕಾಣದಿದ್ದರೆ ಸೆನ್ಸರ್ ಸತ್ತಿದೆ ಎಂದು ತೀರ್ಮಾನಿಸುವ ಹಾಗಿಲ್ಲ. ವೈರ್‌ಲೆಸ್ ಮೌಸ್‌ಗಳಲ್ಲಿ ಬ್ಯಾಟರಿ ಉಳಿಸಲು ಅವಗೆಂಪು ಎಲ್‌ಇಡಿ ಬಳಸುವುದು ಸಾಮಾನ್ಯ. ಅದು ಕಣ್ಣಿಗೆ ಕಾಣದು. ಕೆಲವು ಫೋನುಗಳ ಮುಂಭಾಗದ ಕ್ಯಾಮೆರಾ ಅದನ್ನು ಮಂಕು ನೇರಳೆ ಹೊಳಪಾಗಿ ತೋರಿಸುತ್ತದೆ. 2004ರಲ್ಲಿ ಲಾಜಿಟೆಕ್ ತಂದ ಲೇಸರ್ ಮೌಸ್ ಇದೇ ತತ್ತ್ವದ್ದು, ಆದರೆ ಲೇಸರ್ ಇನ್ನೂ ಸೂಕ್ಷ್ಮ ಒರಟುತನವನ್ನು ಕಾಣುತ್ತದೆ. ಹೊಳಪಿನ ಮೇಜಿನ ಮೇಲೆ ಅದೇ ಅನುಕೂಲ. ಬಟ್ಟೆಯ ಮೇಲೆ ಒಳಗಿನ ನೂಲಿನ ಪದರಗಳೂ ಕಂಡು ನಿಧಾನದ ಚಲನೆಯಲ್ಲಿ ನಡುಕ ಬರುವುದುಂಟು. ಅದೇ ಕಂಪನಿಯ 2009ರ ಡಾರ್ಕ್‌ಫೀಲ್ಡ್ ತಂತ್ರ ಕನಿಷ್ಠ 4 ಮಿಲಿಮೀಟರ್ ದಪ್ಪದ ಗಾಜಿನ ಮೇಲೂ ನಡೆಯುತ್ತದೆ. ಹೆಚ್ಚು ಬೆಲೆಯ ಮೌಸ್ ಎಲ್ಲ ಕಡೆಯೂ ಚೆನ್ನಾಗಿ ನಡೆಯುತ್ತದೆ ಎಂಬ ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ.

ತಂತಿ ಮತ್ತು ರೇಡಿಯೊ

ತಂತಿಯ ಮೌಸ್‌ನಲ್ಲಿ ಮೊದಲು ಸೋಲುವ ಜಾಗ ಕೇಬಲ್ ಮೌಸ್‌ನ ಒಳಹೋಗುವ ಕುತ್ತಿಗೆ. ಅಲ್ಲಿ ದಿನಕ್ಕೆ ನೂರಾರು ಸಲ ಬಗ್ಗಿ ಒಳಗಿನ ಎಳೆ ತುಂಡಾಗುತ್ತದೆ, ಹೊರಗಿನ ಸಿಪ್ಪೆ ಮಾತ್ರ ಹಾಗೇ ಇರುತ್ತದೆ. ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ತಂತಿ: ವಾಡಿಕೆಯಂತೆ ಕೆಂಪಿನಲ್ಲಿ 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಮತ್ತು ಬಿಳಿ ದತ್ತಾಂಶಕ್ಕೆ. ಯಾವುದು ಮುರಿದು ತಾಗುತ್ತ ಬಿಡುತ್ತ ಇದ್ದರೂ ಮೌಸ್ ಸಂಪರ್ಕ ತಪ್ಪಿ ಮತ್ತೆ ಸೇರುತ್ತದೆ. ವಿಂಡೋಸಿನಲ್ಲಿ ಸಾಧನ ಬಿಟ್ಟುಹೋದ, ಬಂದು ಸೇರಿದ ಸದ್ದು ಒಂದರ ಹಿಂದೊಂದು ಕೇಳಿಸುತ್ತದೆ. ಕುತ್ತಿಗೆಯ ಬಳಿ ಕೇಬಲನ್ನು ಮೆಲ್ಲಗೆ ಬಗ್ಗಿಸಿ ಒಂದು ಕೋನದಲ್ಲಿ ಹಿಡಿದಾಗ ಎಲ್ಲ ಸರಿಹೋದರೆ ಕಾರಣ ಸಿಕ್ಕಿತು. ತಳದ ಸ್ಟಿಕ್ಕರಿನ ಅಥವಾ ಪಾದದ ಕೆಳಗೆ ಅಡಗಿರುವ ಸ್ಕ್ರೂ ಬಿಚ್ಚಿ, ಕೆಟ್ಟ ನಾಲ್ಕೈದು ಇಂಚು ಕತ್ತರಿಸಿ, ಉಳಿದ ಕೇಬಲನ್ನು ಮತ್ತೆ ಬೆಸುಗೆ ಹಾಕಬಹುದು. ಒಳಗಿನ ಬಣ್ಣಗಳು ವಾಡಿಕೆಯಂತೆ ಇಲ್ಲದಿರುವ ಮೌಸ್‌ಗಳು ಬೇಕಾದಷ್ಟಿವೆ. ಆದ್ದರಿಂದ ಕತ್ತರಿಸುವ ಮೊದಲು ಯಾವ ಬಣ್ಣ ಯಾವ ಪಿನ್ನಿಗೆ ಎಂದು ಫೋಟೊ ತೆಗೆದುಕೊಳ್ಳುವುದು ರಿಪೇರಿ ಮಾಡುವವರ ರೂಢಿ.

ವೈರ್‌ಲೆಸ್ ಮೌಸ್‌ಗಳ ತಡವರಿಕೆಗೆ ಮೊದಲ ಕಾರಣ ಬ್ಯಾಟರಿ, ಎರಡನೆಯದು ನೆರೆಹೊರೆ. ಈ ಮೌಸ್‌ಗಳು ಮಾತಾಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ವೈಫೈ ಇದೆ, ಬ್ಲೂಟೂತ್ ಇದೆ, ಮೈಕ್ರೊವೇವ್ ಒಲೆಯ ಸೋರಿಕೆಯೂ ಇದೆ. ಇವೆಲ್ಲಕ್ಕಿಂತ ಹತ್ತಿರದ ಶತ್ರು ಕಂಪ್ಯೂಟರಿನ ಯುಎಸ್‌ಬಿ 3.0 ಪೋರ್ಟೇ. ಅದರ 5 ಗಿಗಾಬಿಟ್ ವೇಗದ ಸಂಕೇತ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ ಎಂದು 2012ರಲ್ಲಿ ಇಂಟೆಲ್ ಕಂಪನಿಯೇ ಅಳೆದು ಪ್ರಕಟಿಸಿತು. ಮೌಸ್‌ನ ಡಾಂಗಲ್ (ಯುಎಸ್‌ಬಿ ರಿಸೀವರ್) ಪಕ್ಕದಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಫೈಲು ನಕಲಿಸುವಾಗ ಮಾತ್ರ ಕರ್ಸರ್ ಕುಂಟುತ್ತದೆಂದರೆ ಇದೇ ಕಾರಣ. ಡಾಂಗಲನ್ನು ಯುಎಸ್‌ಬಿ 2.0 ಪೋರ್ಟಿಗೆ ಬದಲಾಯಿಸಬೇಕು, ಅಥವಾ ಒಂದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಕ್ಯಾಬಿನೆಟ್ಟಿನ ಹಿಂಬದಿಯಿಂದ ಮೇಜಿನ ಮೇಲಕ್ಕೆ, ಮೌಸ್‌ಗೆ ಎದುರಾಗಿ ತರಬೇಕು. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಮೇಲೆ ಮೊದಲ ಸರಿತ ಮಾತ್ರ ತಡವಾದರೆ ಅದು ಮೌಸ್‌ನ ನಿದ್ದೆ, ದೋಷವಲ್ಲ. ಸಂಪರ್ಕವೇ ಕಡಿದು ಬರುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಗುರುತನ್ನು ತೆಗೆಯಬೇಕು.

ಸುದ್ದಿಯನ್ನು ತಪ್ಪಾಗಿ ಓದಿದಾಗ

ಕರ್ಸರ್ ಮೂಲೆಗೆ ಹಾರಿ, ಮೆನುಗಳು ತಾವಾಗಿ ತೆರೆದುಕೊಂಡು, ಐಕಾನುಗಳು ಅತ್ತಿತ್ತ ಸರಿದಾಡುವ ದೃಶ್ಯ ಕಂಡವರು ವೈರಸ್ ಎಂದು ಹೆದರುತ್ತಾರೆ. ಇದರ ಹಳೆಯ ಕಾರಣ ತೀರ ಸಪ್ಪೆಯದು: ಕಳೆದುಹೋದ ಒಂದು ಬೈಟ್. ಐಬಿಎಂ 1987ರಲ್ಲಿ ತಂದ ಪಿಎಸ್/2 ಪದ್ಧತಿಯಲ್ಲಿ ಮೌಸ್ ಪ್ರತಿ ಚಲನೆಗೂ ಮೂರು ಬೈಟ್ ಕಳಿಸುತ್ತದೆ. ಮೊದಲನೆಯದರಲ್ಲಿ ಬಟನ್ನುಗಳ ಸ್ಥಿತಿ ಮತ್ತು ದಿಕ್ಕಿನ ಚಿಹ್ನೆ, ಎರಡನೆಯದರಲ್ಲಿ ಅಡ್ಡ ದೂರ, ಮೂರನೆಯದರಲ್ಲಿ ಉದ್ದ ದೂರ. ಸಡಿಲ ಪಿನ್ನಿನಿಂದಲೋ ವಿದ್ಯುತ್ ಗದ್ದಲದಿಂದಲೋ ಒಂದು ಬೈಟ್ ತಪ್ಪಿತೆಂದರೆ ಮುಂದಿನದೆಲ್ಲ ಒಂದೊಂದು ಮನೆ ಹಿಂದೆ ಸರಿಯುತ್ತದೆ. ದೂರದ ಅಂಕಿಯನ್ನು ಬಟನ್ ಸ್ಥಿತಿಯೆಂದು ಓದುವ ಡ್ರೈವರ್ ಯಾರೂ ಒತ್ತದ ಕ್ಲಿಕ್ಕನ್ನು ಕಾಣುತ್ತದೆ. ಮೊದಲ ಬೈಟಿನ ಒಂದು ಬಿಟ್ ಯಾವಾಗಲೂ 1 ಆಗಿರಬೇಕೆಂಬ ನಿಯಮವಿದೆ; ಡ್ರೈವರ್ ಅದನ್ನು ಪರೀಕ್ಷಿಸಿ ಮತ್ತೆ ಹಳಿಗೆ ಬರಲು ನೋಡುತ್ತದೆ. ಲಿನಕ್ಸಿನ ದಾಖಲೆಯಲ್ಲಿ ‘ಹೊಂದಾಣಿಕೆ ತಪ್ಪಿತು, ಒಂದು ಬೈಟ್ ಎಸೆಯುತ್ತಿದ್ದೇನೆ’ ಎಂಬರ್ಥದ ಸಾಲು ಮತ್ತೆ ಮತ್ತೆ ಬರುವುದು ಇದೇ ಸಂದರ್ಭದಲ್ಲಿ.

ಸ್ಕ್ರೋಲ್ ಚಕ್ರದ ಮೌಸ್ ನಾಲ್ಕು ಬೈಟ್ ಕಳಿಸುತ್ತದೆ. ಎರಡು ಕಂಪ್ಯೂಟರಿಗೆ ಒಂದೇ ಮೌಸ್ ಬಳಸುವ ಕೆವಿಎಂ ಸ್ವಿಚ್ಚಿನಲ್ಲಿ ಒಂದು ಕಡೆಯಿಂದ ಇನ್ನೊಂದಕ್ಕೆ ತಿರುಗಿಸಿದಾಗ, ಮೌಸ್ ನಾಲ್ಕು ಬೈಟ್ ಲೆಕ್ಕದಲ್ಲಿ, ಕಂಪ್ಯೂಟರ್ ಮೂರರ ಲೆಕ್ಕದಲ್ಲಿ ಉಳಿದುಬಿಟ್ಟರೆ ಆಗುವ ಅವಾಂತರವೂ ಇದೇ ಜಾತಿಯದು. ಕಂಪ್ಯೂಟರ್ ಆರಿಸಿ ಮೌಸ್ ತೆಗೆದು ಹಾಕಿ ಮತ್ತೆ ಶುರುಮಾಡಿದರೆ ಲೆಕ್ಕ ಸರಿಹೋಗುತ್ತದೆ. ಪಿಎಸ್/2 ಪ್ಲಗ್ಗನ್ನು ಕಂಪ್ಯೂಟರ್ ನಡೆಯುತ್ತಿರುವಾಗ ಕೀಳುವಂತಿಲ್ಲ. ಆ ಪೋರ್ಟನ್ನು ಅದಕ್ಕೆಂದು ರೂಪಿಸಿಲ್ಲ. ದುಂಡನೆಯ ಆ ಪ್ಲಗ್ಗುಗಳು ಮರೆಯಾದರೂ ಪದ್ಧತಿ ಮರೆಯಾಗಲಿಲ್ಲ. ಎಷ್ಟೋ ಲ್ಯಾಪ್‌ಟಾಪುಗಳ ಟಚ್‌ಪ್ಯಾಡ್ ಒಳಗಿಂದೊಳಗೆ ಪಿಎಸ್/2 ಭಾಷೆಯನ್ನೇ ಆಡುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಇಲ್ಲದ ಮೌಸ್‌ನ ಪ್ರಕರಣ. ವಿಂಡೋಸ್ ಶುರುವಾಗುವಾಗ ಸೀರಿಯಲ್ ಪೋರ್ಟುಗಳಲ್ಲಿ ಹಳೆಯ ಕಾಲದ ಮೌಸ್ ಇದೆಯೇ ಎಂದು ಕಿವಿಗೊಟ್ಟು ಕೇಳುತ್ತದೆ. ಆ ಹೊತ್ತಿಗೆ ಅಲ್ಲಿ ಸೆಕೆಂಡಿಗೊಮ್ಮೆ ತನ್ನ ಸ್ಥಾನವನ್ನು ಬಿಡದೆ ಒದರುವ ಜಿಪಿಎಸ್ ಸಾಧನ ಇದ್ದರೆ, ಅದರ ಮಾತನ್ನೇ ಮೌಸ್‌ನ ಉತ್ತರವೆಂದು ತಿಳಿದು ‘ಮೈಕ್ರೊಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್’ ಎಂಬ ಹೆಸರಿನಲ್ಲಿ ದಾಖಲಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅಕ್ಷಾಂಶ ರೇಖಾಂಶಗಳ ಅಂಕಿಗಳೆಲ್ಲ ಕರ್ಸರಿನ ನೆಗೆತಗಳು, ಕ್ಲಿಕ್ಕುಗಳು. ಸೀರಿಯಲ್ ಕೇಬಲಿನಲ್ಲಿ ದತ್ತಾಂಶ ಸುರಿಯುವ ಬೇರೆ ಉಪಕರಣಗಳೂ ಹೀಗೆ ಮಾಡಬಲ್ಲವು. ಡಿವೈಸ್ ಮ್ಯಾನೇಜರಿನಲ್ಲಿ ಮೌಸ್‌ಗಳ ಪಟ್ಟಿ ತೆರೆದು ಆ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸೇಬಲ್’ ಆರಿಸಬೇಕು. ‘ಅನ್‌ಇನ್‌ಸ್ಟಾಲ್’ ಮಾಡಿದರೆ ಮುಂದಿನ ಸಲ ವಿಂಡೋಸ್ ಅದನ್ನು ಮತ್ತೆ ಹುಡುಕಿ ತರುತ್ತದೆ. ಕರ್ಸರ್ ಹುಚ್ಚೆದ್ದಿರುವಾಗ ಇದನ್ನೆಲ್ಲ ಮಾಡುವುದು ಅಸಾಧ್ಯವಾದ್ದರಿಂದ ಜಿಪಿಎಸ್ ಕೇಬಲನ್ನು ಸಡಿಲಿಸಿ, ವೇಗವಾಗಿ ಪಟ್ಟಿಗೆ ಹೋಗಿ, ಮತ್ತೆ ಸಿಕ್ಕಿಸಿ, ಹೆಸರು ಕಾಣಿಸಿದ ಕೂಡಲೇ ಕೀಬೋರ್ಡಿನಿಂದಲೇ ಕೆಲಸ ಮುಗಿಸಬೇಕಾಗುತ್ತದೆ.

ಸೆಟ್ಟಿಂಗುಗಳಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ. ವಿಂಡೋಸಿನ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಕೈಯ ವೇಗ ಹೆಚ್ಚಿದಂತೆ ಕರ್ಸರಿನ ದೂರವನ್ನೂ ಹಿಗ್ಗಿಸುತ್ತದೆ. ಚಿತ್ರ ಬಿಡಿಸುವವರಿಗೆ, ಆಟವಾಡುವವರಿಗೆ ಇದು ಕರ್ಸರ್ ಮಾತು ಕೇಳುತ್ತಿಲ್ಲ ಎಂಬ ಭಾವನೆ ಕೊಡುತ್ತದೆ. ‘ಸ್ನ್ಯಾಪ್ ಟು’ ಆನ್ ಆಗಿದ್ದರೆ ಡೈಲಾಗ್ ಬಾಕ್ಸ್ ತೆರೆದಾಗಲೆಲ್ಲ ಕರ್ಸರ್ ಅದರ ಮುಖ್ಯ ಬಟನ್ನಿಗೆ ತಾನೇ ನೆಗೆಯುತ್ತದೆ. ‘ಮೌಸ್ ಕೀಸ್’ ಆನ್ ಆಗಿ ಅಂಕಿಗಳ ಕೀಲಿಯೊಂದು ಕೆಳಗೆ ಅಂಟಿಕೊಂಡಿದ್ದರೆ ಕರ್ಸರ್ ಒಂದೇ ದಿಕ್ಕಿಗೆ ಏಕಪ್ರಕಾರವಾಗಿ ತೇಲುತ್ತದೆ. ಕರ್ಸರ್ ಮಾತ್ರವಲ್ಲದೆ ಟೈಪಿಂಗೂ ವಿಡಿಯೊವೂ ನಿಂತು ನಿಂತು ಹೋಗುತ್ತಿದ್ದರೆ ಮೌಸ್ ನಿರಪರಾಧಿ.

ಟಚ್‌ಪ್ಯಾಡ್, ಅರ್ಥಿಂಗ್ ಮತ್ತು ಕೆಂಪು ಗುಂಡಿ

ಲ್ಯಾಪ್‌ಟಾಪಿನಲ್ಲಿ ಮೌಸ್ ಮೇಲಿನ ದೂರು ಎಷ್ಟೋ ಸಲ ಟಚ್‌ಪ್ಯಾಡಿನದು. 1994ರಲ್ಲಿ ಆಪಲ್‌ನ ಪವರ್‌ಬುಕ್ 500 ಸರಣಿಯಲ್ಲಿ ಬಂದು ಬೇಗನೆ ಎಲ್ಲೆಡೆ ಹರಡಿದ ಈ ಫಲಕ ಬೆರಳಿನ ಒತ್ತಡವನ್ನು ಅಳೆಯುವುದಿಲ್ಲ. ಬೆರಳು ಹತ್ತಿರ ಬಂದಾಗ ಕೆಪಾಸಿಟೆನ್ಸ್ ಬದಲಾಗುವುದನ್ನು ಅಳೆಯುತ್ತದೆ. ಹೀಗಾಗಿ ಬೆವರಿದ ಅಂಗೈ, ಒದ್ದೆ ಬೆರಳು, ಫಲಕದ ಮೇಲಿನ ಒಂದು ಹನಿ ನೀರು ಎಲ್ಲವೂ ಅದಕ್ಕೆ ಬೆರಳೇ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಪುಟ ಟೈಪ್ ಮಾಡುತ್ತಿರುವಾಗ ಕರ್ಸರ್ ಸದ್ದಿಲ್ಲದೆ ಮೂರು ಸಾಲು ಮೇಲಕ್ಕೆ ಹೋಗಿ, ಒತ್ತಕ್ಷರಗಳು ಬೇರೊಂದು ಪದದ ನಡುವೆ ಬಿದ್ದಿರುವುದು ಹೆಬ್ಬೆರಳಿನ ಬುಡ ಫಲಕಕ್ಕೆ ತಾಗಿದ್ದರಿಂದ. ಟಚ್‌ಪ್ಯಾಡಿನ ಸೂಕ್ಷ್ಮತೆಯನ್ನು ತಗ್ಗಿಸುವುದು, ತಟ್ಟಿ ಕ್ಲಿಕ್ ಮಾಡುವ ಸೌಲಭ್ಯವನ್ನು ನಿಲ್ಲಿಸುವುದು, ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ನಿಷ್ಕ್ರಿಯವಾಗುವಂತೆ ಮಾಡುವುದು ಇದಕ್ಕೆ ಪರಿಹಾರ.

ಚಾರ್ಜರ್ ಹಾಕಿದಾಗ ಮಾತ್ರ ಕರ್ಸರ್ ನಡುಗಿ, ಕಿತ್ತ ಕೂಡಲೇ ನೆಟ್ಟಗಾಗುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ಇದರ ಮೂಲ ಗೋಡೆಯಲ್ಲಿದೆ. ಚಾರ್ಜರಿನೊಳಗೆ ರೇಡಿಯೊ ಗದ್ದಲವನ್ನು ತಡೆಯುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಆ ಗದ್ದಲವನ್ನು ಅರ್ಥ್ ತಂತಿಗೆ ಇಳಿಸಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದ್ದರೆ, ಅಥವಾ ಸಾಕೆಟ್ಟಿನ ಅರ್ಥ್ ತೂತು ಹೆಸರಿಗಷ್ಟೇ ಇದ್ದರೆ, ಇಳಿಯಲು ದಾರಿ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ 230 ವೋಲ್ಟ್‌ನ ಸುಮಾರು ಅರ್ಧದಷ್ಟು ಮಟ್ಟದಲ್ಲಿ ತೇಲುತ್ತದೆ. ಹರಿಯುವ ಪ್ರವಾಹ ಅತ್ಯಲ್ಪವಾದ್ದರಿಂದ ಮುಂಗೈ ಸವರಿದಾಗ ಜುಂ ಎನ್ನುವುದಷ್ಟೇ. ಆದರೆ ಬೆರಳಿನ ಅತಿಸೂಕ್ಷ್ಮ ಬದಲಾವಣೆಯನ್ನು ಅಳೆಯುವ ಫಲಕಕ್ಕೆ ಅದೇ ದೊಡ್ಡ ಗದ್ದಲ. ಡ್ರೈವರ್ ಬದಲಾಯಿಸುವುದರಿಂದ ಇದು ಹೋಗದು. ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್, ಲ್ಯಾಪ್‌ಟಾಪಿಗೆ ಒಪ್ಪುವ ಒಳ್ಳೆಯ ಚಾರ್ಜರ್ ಇದರ ಮದ್ದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷಿಸುವುದು ಕರ್ಸರಿಗಿಂತ ಮನೆಯವರ ಜೀವಕ್ಕೆ ಮುಖ್ಯ.

ಟಚ್‌ಪ್ಯಾಡ್ ಮೇಲೆ ಉಬ್ಬಿ ಬಂದು, ಬಟನ್ ಒತ್ತಲಾಗದೆ, ಕರ್ಸರ್ ಎಲ್ಲೆಲ್ಲೋ ಹೋಗುತ್ತಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರುವ ಸಂಭವವಿದೆ. ಕೂಡಲೇ ಆರಿಸಿ, ಚಾರ್ಜ್ ಮಾಡದೆ, ಬ್ಯಾಟರಿ ಬದಲಿಸುವವರೆಗೂ ಬಳಸದಿರಬೇಕು. ಒತ್ತಿ ಕೂರಿಸಲು ಹೋದರೆ ಬೆಂಕಿ ಹೊತ್ತಬಹುದು.

ಐಬಿಎಂ 1992ರಲ್ಲಿ ಥಿಂಕ್‌ಪ್ಯಾಡ್ ಕೀಬೋರ್ಡಿನ ನಡುವೆ ಇಟ್ಟ ಕೆಂಪು ಗುಂಡಿ, ಟ್ರ್ಯಾಕ್‌ಪಾಯಿಂಟ್, ಮುಟ್ಟದಿದ್ದರೂ ಕರ್ಸರನ್ನು ಮೂಲೆಗೆ ಜಾರಿಸುವುದಕ್ಕೆ ಹೆಸರುವಾಸಿ. ಗುಂಡಿಯ ಬುಡದ ಒತ್ತಡಮಾಪಕಗಳು ಶೂನ್ಯ ಯಾವುದೆಂದು ತಾವೇ ಆಗಾಗ ಗೊತ್ತುಮಾಡಿಕೊಳ್ಳುತ್ತವೆ. ಬೆರಳನ್ನು ಬಹಳ ಹೊತ್ತು ಒಂದೇ ಸಮ ಒತ್ತಿ ಇಟ್ಟರೆ ಆ ಒತ್ತಡವನ್ನೇ ಶೂನ್ಯವೆಂದು ಭಾವಿಸಿ, ಬೆರಳು ತೆಗೆದಾಗ ಎದುರು ದಿಕ್ಕಿಗೆ ಜಾರುತ್ತವೆ. ಕೈ ತೆಗೆದು ಕೆಲವು ಸೆಕೆಂಡು ಸುಮ್ಮನಿದ್ದರೆ ತಾನೇ ಸರಿಹೋಗುತ್ತದೆ. ಅದರ ಮೇಲೆ ಹಠ ಹಿಡಿದು ಒತ್ತುವುದು ತೊಂದರೆಯನ್ನು ಬೆಳೆಸುತ್ತದೆ.

ಉದ್ದೇಶವಿರುವ ಚಲನೆ

ದೋಷದ ಕರ್ಸರಿಗೆ ಗುರಿಯಿರುವುದಿಲ್ಲ. ಕರ್ಸರ್ ನೇರವಾಗಿ ಬ್ರೌಸರಿಗೆ ಹೋಗಿ, ಬ್ಯಾಂಕಿನ ಪುಟ ತೆರೆದು, ಓದಲು ನಿಂತು ಮುಂದುವರಿದರೆ ಅದನ್ನು ನಡೆಸುತ್ತಿರುವುದು ಇನ್ನೊಬ್ಬ ಮನುಷ್ಯ. ಸಹಾಯ ಮಾಡುವ ನೆಪದಲ್ಲಿ ದೂರನಿಯಂತ್ರಣದ ಆ್ಯಪ್ ಹಾಕಿಸಿ ಹಣ ದೋಚುವುದು ಭಾರತದಲ್ಲಿ ಚಿರಪರಿಚಿತ ವಂಚನೆ. ಎನಿಡೆಸ್ಕ್ ಎಂಬ ಅಂಥ ಆ್ಯಪ್ ಮೂಲಕ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಂಥ ಹೊತ್ತಿನಲ್ಲಿ ಮೌಸ್ ಎಳೆದಾಡುತ್ತ ಕೂರದೆ ಇಂಟರ್‌ನೆಟ್ ಕಡಿಯಬೇಕು, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ರೇಡಿಯೊ ದಾರಿಯೂ ಒಂದಿದೆ. ಹಲವು ಕಂಪನಿಗಳ ವೈರ್‌ಲೆಸ್ ಡಾಂಗಲುಗಳಿಗೆ ಹೊರಗಿನವರು ಕೀಲಿಯೊತ್ತುಗಳನ್ನು ತುರುಕಬಹುದೆಂದು 2016ರಲ್ಲಿ ಬ್ಯಾಸ್ಟೀಲ್ ಎಂಬ ಭದ್ರತಾ ಕಂಪನಿ ತೋರಿಸಿ, ಆ ದೌರ್ಬಲ್ಯಕ್ಕೆ ಮೌಸ್‌ಜ್ಯಾಕ್ ಎಂದು ಹೆಸರಿಟ್ಟಿತು. ಕೆಲವು ತಯಾರಕರು ಡಾಂಗಲಿನ ತಂತ್ರಾಂಶವನ್ನು ತಿದ್ದಿ ಕೊಟ್ಟರು.

ಯಾವುದನ್ನು ದುರಸ್ತಿ ಮಾಡುವುದು

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಹೊಸ ಮೌಸ್ ಸಿಗುವಾಗ ದುರಸ್ತಿಗೆ ಯಾರೂ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ಆದರೂ ಸೆನ್ಸರಿನ ಗುಂಡಿ ಶುಚಿ ಮಾಡುವುದಕ್ಕೆ ಕಾಸು ಬೇಡ, ಪಾದ ಬದಲಿಸಲು ಸ್ಕ್ರೂಡ್ರೈವರೂ ಬೇಡ. ಕೇಬಲ್ ಬೆಸುಗೆ, ಒಂದೇ ಒತ್ತಿಗೆ ಎರಡು ಕ್ಲಿಕ್ ಕೊಡುವ ಸವೆದ ಸ್ವಿಚ್ಚಿನ ಬದಲಾವಣೆ ದುಬಾರಿ ಮೌಸ್‌ಗೆ ಮಾತ್ರ ಲಾಭ. ಈ ಸ್ವಿಚ್ಚುಗಳು ಮೂರು ಕಾಲಿನ ಪುಟ್ಟ ಭಾಗಗಳಾಗಿ ಬಿಡಿಯಾಗಿ ದೊರೆಯುತ್ತವೆ. ಸೆನ್ಸರ್ ಚಿಪ್ಪೇ ಸುಟ್ಟಿದ್ದರೆ ಅದನ್ನು ಬದಲಿಸುವವರು ಕಡಿಮೆ. ಲೆನ್ಸಿನ ಜೊತೆ ಅದರ ಅಂತರ ಮತ್ತೆ ಅಷ್ಟೇ ಕರಾರುವಾಕ್ಕಾಗಿ ಕೂರಬೇಕು, ಅದೇ ಮಾದರಿಯ ಚಿಪ್ ಬಿಡಿಯಾಗಿ ಸಿಗುವುದೂ ಅಪರೂಪ. ಅಂಥ ಮೌಸ್‌ನಿಂದ ಕೇಬಲ್, ಸ್ವಿಚ್ಚು, ಸ್ಕ್ರೋಲ್ ಚಕ್ರ ತೆಗೆದಿಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುತ್ತಾರೆ.